ಕಾಫಿಪುಡಿಗೆ ಹೊಸ ಹೆಸರು: ಗ್ರಾಹಕರಿಗೊಂದು ಪತ್ರ

ಚಿಕ್ಕಮಗಳೂರು

ಗ್ರಾಹಕರೆಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕಾಫಿಪುಡಿಗಳ ಹೆಸರು ಬದಲಾಗುತ್ತದೆ. ಪುಡಿ ಅದೇ, ಹುರಿಯುವ ಹದ ಅದೇ, ರೇಟೂ ಅದೇ. 80:20, ಅಂದರೆ ಕಾಫಿ 80 ಪಾಲು, ಚಿಕೋರಿ 20 ಪಾಲು ಇರುವುದು, ಇನ್ನು ಮೇಲೆ ‘ಎಂಬತ್ತರ ಪುಡಿ’. 70:30 ‘ಎಪ್ಪತ್ತರ ಪುಡಿ’, 60:40 ‘ಅರವತ್ತರ ಪುಡಿ’. ಚಿಕೋರಿ ಹಾಕದ್ದು ‘ಬರೀ ಕಾಫಿ’.

ಇದ್ದ ಹೆಸರಿಗೆ ಏನಾಗಿತ್ತು ಅಂತ ಕೌಂಟರಿನಲ್ಲಿ ಆಗಲೇ ಕೇಳುತ್ತಿದ್ದಾರೆ. ಕಾರಣ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್.

ತಿಂಗಳ ಆರ್ಡರ್ ಕೊಟ್ಟು ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವ ಕೆಲವರ ಪ್ಯಾಕೆಟ್ ಮೇಲೆ ಈಚೆಗೆ 22:30 ಅಂತ ಅಚ್ಚಾಗಿತ್ತು. ಹಾಸನದ ಗ್ರಾಹಕರೊಬ್ಬರು ಫೋನ್ ಮಾಡಿ, ‘ಏನ್ರೀ ಇದು, ರಾತ್ರಿ ಹತ್ತೂವರೆಗೆ ಕುಡೀಬೇಕಾ?’ ಅಂದರು. ಅವರು ಕೇಳಿದ್ದು ತಮಾಷೆಗೆ, ಆದರೆ ಆಗಿದ್ದೂ ಅದೇ. ಸಾಫ್ಟ್‌ವೇರ್ 70:30 ಅನ್ನು ಗಂಟೆ, ನಿಮಿಷ ಅಂದುಕೊಳ್ಳುತ್ತದೆ. ಎಪ್ಪತ್ತು ಗಂಟೆ ಮೂವತ್ತು ನಿಮಿಷದಲ್ಲಿ ಎರಡು ದಿನದ 48 ಗಂಟೆ ಕಳೆದರೆ ಉಳಿಯುವುದು 22:30. 80:20 ತರಿಸುವವರಿಗೆ 8:20 ಬಂದಿರುತ್ತದೆ, ಮೂರು ದಿನದ 72 ಗಂಟೆ ಕಳೆದು ಲೆಕ್ಕ ಹಾಕಿ ನೋಡಿ.

ಒಳಗಿನ ಪುಡಿ ಸರಿಯಾಗಿಯೇ ಇದೆ. ಬೆರೆಸುವವರು ನೋಡುವುದು ಮಿಷನ್ ಪಕ್ಕ ತೂಗುಹಾಕಿದ ಕೈಬರಹದ ಚೀಟಿಯನ್ನು, ಕಂಪ್ಯೂಟರನ್ನಲ್ಲ. ಆದರೂ ನಕ್ಕು ಸುಮ್ಮನಾಗುವ ಹಾಗಿಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಯಾವುದು ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಹಾಕಬೇಕು. ಅದು ಆಹಾರ ಸುರಕ್ಷತೆಯ ನಿಯಮ. ಕಾಫಿ 22, ಚಿಕೋರಿ 30, ಹಾಗಾದರೆ ಉಳಿದದ್ದೇನು ಅಂತ ಅಧಿಕಾರಿ ಕೇಳಿದರೆ ಉತ್ತರ ಹೇಳಬೇಕಾದವರು ನಾವು, ಸಾಫ್ಟ್‌ವೇರ್ ಮಾಡಿದವರಲ್ಲ.

ಅವರಿಗೆ ಹೇಳಲಿಲ್ಲ ಅಂತಲ್ಲ. ಫೋನ್ ಮಾಡಿದರೆ ‘ಟಿಕೆಟ್ ರೈಸ್ ಮಾಡಿ ಸರ್’ ಅಂದರು, ಅಂದರೆ ದೂರು ದಾಖಲಿಸಿ ಅಂತ. ಮಾಡಿದೆವು. ಸ್ಕ್ರೀನ್‌ಶಾಟ್ ಕೇಳಿದರು, ಆಮೇಲೆ ವಿಡಿಯೋ ಕೇಳಿದರು. ಕೊನೆಗೆ ‘ನಮ್ಮ ಕಡೆ ಸರಿಯಾಗೇ ಬರ್ತಿದೆ’ ಅಂತ ಟಿಕೆಟ್ ಕ್ಲೋಸ್ ಆಯಿತು. ಸರಿ ಬರದೇ ಏನು? ಅವರು ಒಂದೇ ಒಂದು ಆರ್ಡರನ್ನು ಸ್ಕ್ರೀನ್ ಮೇಲೆ ಟೈಪ್ ಮಾಡಿ ನೋಡುತ್ತಾರೆ. ಹಾಗೆ ಮಾಡಿದರೆ ನಮ್ಮಲ್ಲೂ ಸರಿಯೇ. ಕೆಡುವುದು ತಿಂಗಳ ಪಟ್ಟಿಯನ್ನೆಲ್ಲ ಒಟ್ಟಿಗೆ ಎಕ್ಸೆಲ್ ಫೈಲ್‌ನಲ್ಲಿ ಅಪ್‌ಲೋಡ್ ಮಾಡಿದಾಗ. ಎಕ್ಸೆಲ್‌ನಲ್ಲಿ ನಾವು ‘ಟೆಕ್ಸ್ಟ್’ ಅಂತ ಗುರುತು ಮಾಡಿಟ್ಟರೂ ಇವರ ಪ್ರೋಗ್ರಾಂ ಅದನ್ನು ಮತ್ತೆ ಗಡಿಯಾರಕ್ಕೇ ತಿರುಗಿಸುತ್ತದೆ. ಇದನ್ನೆಲ್ಲ ಬಿಡಿಸಿ ಬರೆದರೆ ಹೊಸ ಟಿಕೆಟ್, ಹೊಸ ಹುಡುಗ, ಮತ್ತೆ ಸ್ಕ್ರೀನ್‌ಶಾಟ್. ಆ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಪ್ರೋಗ್ರಾಂ ತಿದ್ದುವವರ ಮುಖ ಅವರೂ ನೋಡಿರಲಿಕ್ಕಿಲ್ಲ. ಸಿಟ್ಟು ಬರುವುದು ವರ್ಷದ ಮೇಂಟೆನೆನ್ಸ್ ದುಡ್ಡು ಕಟ್ಟಿ ಅನ್ನುವ ಮೆಸೇಜ್ ಬಂದಾಗ. ಅದನ್ನು ಕಳಿಸುವ ಪ್ರೋಗ್ರಾಂನಲ್ಲಿ ಮಾತ್ರ ಯಾವ ದೋಷವೂ ಇದ್ದಂತಿಲ್ಲ.

ದೊಡ್ಡವರ ಪಾಡೂ ಇಷ್ಟೇ. ಎಕ್ಸೆಲ್ ಕೆಲವು ಜೀನ್‌ಗಳ (ವಂಶವಾಹಿಗಳ) ಹೆಸರನ್ನು ತಾರೀಖು ಮಾಡಿಬಿಡುತ್ತದೆ ಅಂತ ವಿಜ್ಞಾನಿಗಳು 2004ರಲ್ಲೇ ಬರೆದಿದ್ದರು. ‘ಮಾರ್ಚ್1’ ಅನ್ನುವ ಜೀನ್ ಮಾರ್ಚ್ ಒಂದನೇ ತಾರೀಖು ಆಗುತ್ತಿತ್ತು. ಕಾದು ಕಾದು, 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅಂಥ ಹೆಸರುಗಳನ್ನು ಬದಲಾಯಿಸಿತು. ಹೀಗೆ ತಾನಾಗಿ ತಾರೀಖು ಮಾಡುವುದನ್ನು ಆಫ್ ಮಾಡುವ ಸೌಲಭ್ಯ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಅವರಿಗೇ ಅಷ್ಟು ವರ್ಷ ಬೇಕಾಯಿತು, ಇನ್ನು ಚಿಕ್ಕಮಗಳೂರಿನ ಪುಡಿ ಅಂಗಡಿಯ ಮಾತು ಯಾರು ಕೇಳುತ್ತಾರೆ? ಅದಕ್ಕೇ ನಾವೂ ಹೆಸರನ್ನೇ ಬದಲಾಯಿಸಿದ್ದು.

ತಿಂಗಳ ಆರ್ಡರ್ ಇರುವವರು ಏನೂ ಮಾಡಬೇಕಿಲ್ಲ, ಪಟ್ಟಿಯನ್ನು ನಾವೇ ತಿದ್ದುತ್ತೇವೆ. ವಾಟ್ಸಾಪ್‌ನಲ್ಲಿ ಹೇಳುವವರು ‘ಎಪ್ಪತ್ತರ ಪುಡಿ ಅರ್ಧ ಕೆಜಿ’ ಅಂತ ಹಾಕಿ. ಹಳೇ ಅಭ್ಯಾಸದಲ್ಲಿ 70:30 ಅಂತ ಕಳಿಸಿದರೂ ಪರವಾಗಿಲ್ಲ, ಗೊತ್ತಾಗದೇ ಇರುವುದು ಕಂಪ್ಯೂಟರಿಗೆ, ನಮಗಲ್ಲ ಅಲ್ವಾ. ಹೆಸರಿನ ಕೆಳಗೆ ‘ಕಾಫಿ ಶೇ 70, ಚಿಕೋರಿ ಶೇ 30’ ಅಂತ ಇರುತ್ತದೆ. ಅದನ್ನು ಕವರಿನ ಮೇಲೆ ಪ್ರೆಸ್‌ನಲ್ಲೇ ಅಚ್ಚು ಹಾಕಿಸಿದ್ದೇವೆ. ತಪ್ಪು ಲೇಬಲ್‌ನ ಪ್ಯಾಕೆಟ್ ಮನೆಯಲ್ಲಿದ್ದರೆ, ಒಡೆದಿದ್ದರೂ ಸರಿ, ತಂದುಕೊಡಿ, ಬೇರೆ ಕೊಡುತ್ತೇವೆ. ದೂರದವರು ಫೋಟೊ ಕಳಿಸಿದರೆ ಸಾಕು, ಮುಂದಿನ ಪಾರ್ಸೆಲ್ ಜೊತೆ ಬೇರೆ ಪ್ಯಾಕೆಟ್ ಬರುತ್ತದೆ.

ಮೇಂಟೆನೆನ್ಸ್ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಅಷ್ಟರೊಳಗೆ ಸರಿಮಾಡದಿದ್ದರೆ ಮುಂದಕ್ಕೆ ದುಡ್ಡು ಕಟ್ಟುವುದಿಲ್ಲ ಅಂತ ಅವರಿಗೆ ಬರೆದು ತಿಳಿಸಿದ್ದೇವೆ. ಬೇರೆ ಸಾಫ್ಟ್‌ವೇರ್ ಹಾಕಿಸಿದರೂ ಪುಡಿಯ ಹೆಸರು ಮತ್ತೆ ಬದಲಾಗುವುದಿಲ್ಲ.

ಇಂತಿ,
ನಿಮ್ಮ ಕಾಫಿಪುಡಿ ಅಂಗಡಿಯವರು