ವಯೋಲಾ ಮತ್ತೆ ಹೆಗಲೇರಿತು

ನಿನ್ನೆ ರಾತ್ರಿ, ಏಳು ತಿಂಗಳಾದ ಮೇಲೆ, ನಮ್ಮ ಎಂಟು ಜನರ ತಂಡದ ಜೊತೆ ಕೂತು, ವಯಲಿನ್ ಜಾತಿಯ ನನ್ನ ವಾದ್ಯ ವಯೋಲಾ ನುಡಿಸಿದೆ. ಮನೆಗೆ ಬಂದರೂ ನಿದ್ದೆ ಹತ್ತಲಿಲ್ಲ. ಥ್ಯಾಂಕ್ಸ್ ಹೇಳಬೇಕಾದವರ ಮುಖಗಳೇ ಕಣ್ಣ ಮುಂದೆ.

ನಾವೆಲ್ಲ ಒಂದೇ ಆರ್ಕೆಸ್ಟ್ರಾದವರು. ಹತ್ತು ವರ್ಷದ ಹಿಂದೆ ಸೇರಿದ್ದು ಸಂಗೀತ ರಚನೆಕಾರ ಶೂಬರ್ಟ್ 1824ರಲ್ಲಿ ಬರೆದ ಆಕ್ಟೆಟ್, ಅಂದರೆ ಎಂಟು ವಾದ್ಯಗಳ ಕೃತಿ, ನುಡಿಸುವ ಆಸೆಗೆ. ಎರಡು ವಯಲಿನ್, ವಯೋಲಾ, ಚೆಲ್ಲೋ, ಡಬಲ್ ಬಾಸ್, ಕ್ಲಾರಿನೆಟ್, ಬಸೂನ್, ಹಾರ್ನ್. ಆರು ಭಾಗ, ಹೆಚ್ಚುಕಡಿಮೆ ಒಂದು ಗಂಟೆ. ಬೀಥೋವನ್‌ನ ಏಳು ವಾದ್ಯಗಳ ಸೆಪ್ಟೆಟ್ ಮಾದರಿಗೆ ಶೂಬರ್ಟ್ ಇನ್ನೊಂದು ವಯಲಿನ್ ಸೇರಿಸಿದ. ಅದರಿಂದಲೇ ನಾವು ಎಂಟು ಜನ.

ಆರ್ಕೆಸ್ಟ್ರಾದಲ್ಲಿ ಹತ್ತು ಹನ್ನೆರಡು ವಯೋಲಾ ಒಟ್ಟಿಗೆ ನುಡಿಯುತ್ತವೆ. ಇಲ್ಲಿ ಒಬ್ಬರಿಗೆ ಒಂದೇ ಸಾಲು, ಮುಂದೆ ನಿಂತು ತಾಳ ತೋರಿಸಿ ನಡೆಸುವ ಕಂಡಕ್ಟರ್ ಬೇರೆ ಇಲ್ಲ. ಮೊದಲ ವಯಲಿನ್ನಿನವರು ಉಸಿರೆಳೆದುಕೊಂಡರೆ ಉಳಿದವರಿಗೆ ತಿಳಿಯಬೇಕು. ನಮ್ಮ ಸ್ವರಹಾಳೆಗಳಲ್ಲಿ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಪುಟ್ಟ ಕನ್ನಡಕ ಬರೆದುಕೊಂಡಿರುತ್ತೇವೆ. ‘ಇಲ್ಲಿ ತಲೆ ಎತ್ತು’ ಅಂತ ಅರ್ಥ. ಆರ್ಕೆಸ್ಟ್ರಾದಲ್ಲಿ ತಲೆ ಎತ್ತಿದರೆ ಕಂಡಕ್ಟರ್ ಕಾಣುತ್ತಾರೆ. ಇಲ್ಲಿ ಗೆಳೆಯರು ಕಾಣುತ್ತಾರೆ.

ವಯೋಲಾ ವಯಲಿನ್‌ಗಿಂತ ದೊಡ್ಡದು, ಭಾರವೂ ಜಾಸ್ತಿ. ವರ್ಷಗಟ್ಟಲೆ ಅದನ್ನು ಹೊತ್ತ ಎಡ ಭುಜ ಒಂದು ಬೆಳಿಗ್ಗೆ ಕೈ ಎತ್ತಲೇ ಬಿಡಲಿಲ್ಲ. ಬಾಚಣಿಗೆ ಹಿಡಿಯೋಕೂ ಆಗುತ್ತಿರಲಿಲ್ಲ. ಬೇರೆಯವರನ್ನು ಸೇರಿಸಿಕೊಳ್ಳಿ ಅಂತ ತಂಡಕ್ಕೆ ಹೇಳಿದೆ. ಚೆಲ್ಲೋ ನುಡಿಸುವವಳು ‘ಕುರ್ಚಿ ನಿಂದೇ. ಸ್ವಲ್ಪ ದಿನ ಬೇರೆಯವರು ಕೂರ್ತಾರೆ, ಅಷ್ಟೇ’ ಅಂದಳು. ಆ ಮಾತು ಹಿಡಿದುಕೊಂಡೇ ಇಷ್ಟು ದಿನ ಕಳೆದೆ.

ವಾರಕ್ಕೆರಡು ಸಲ ಚಿಕಿತ್ಸೆಗೆ ಕರೆದೊಯ್ದ ಹಾರ್ನ್ ಗೆಳೆಯನಿಗೆ, ಬರಿಗೈಯನ್ನು ಒಂದೊಂದೇ ಇಂಚು ಮೇಲೆತ್ತಿಸಿದ ಫಿಸಿಯೋಥೆರಪಿಸ್ಟ್‌ಗೆ, ಅಭ್ಯಾಸ ತಡವಾದರೂ ದೀಪ ಆರಿಸದೆ ಕಾಯುತ್ತಿದ್ದ ಸಭಾಂಗಣದ ಕಾವಲುಗಾರರಿಗೆ, ‘ಯಾವಾಗ ಬರ್ತೀರಿ’ ಅಂತ ಕೇಳುತ್ತಲೇ ಇದ್ದ ಕೇಳುಗರಿಗೆ, ಎಲ್ಲರಿಗೂ ಮನಸಾರೆ ನಮಸ್ಕಾರ.

ಇನ್ನು ನನ್ನ ಕುರ್ಚಿಯಲ್ಲಿ ಕೂತವಳ ಮಾತು. ಆರ್ಕೆಸ್ಟ್ರಾದಲ್ಲಿ ನಮ್ಮ ವಯೋಲಾದವರ ಪೈಕಿ ಎಲ್ಲರಿಗಿಂತ ಹಿಂದೆ ಕೂರುವ ಹುಡುಗಿ. ಆರ್ಕೆಸ್ಟ್ರಾದ ಕೆಲಸದ ನಡುವೆ ಎರಡೇ ವಾರದಲ್ಲಿ ಆ ಒಂದು ಗಂಟೆಯ ಸಂಗೀತ ಕಲಿತಳು. ನನ್ನ ಹಾಳೆಗಳನ್ನೇ ಕೊಟ್ಟಿದ್ದೆ. ಅವು ವಾಪಸ್ ಬಂದಾಗ ತೆರೆದು ನೋಡಿದೆ. ನನ್ನ ಒಂದು ಗುರುತನ್ನೂ ಅಳಿಸಿರಲಿಲ್ಲ. ತನಗೆ ಬೇಕಾದದ್ದನ್ನು ಸಾಲಿನ ಕೆಳಗೆ ತೆಳ್ಳಗೆ ಬರೆದುಕೊಂಡಿದ್ದಳು. ಆರನೇ ಭಾಗದ ಶುರುವಿನಲ್ಲಿ ಚೆಲ್ಲೋ ನಡುಗುತ್ತಾ ಎದ್ದು ಬರುತ್ತದಲ್ಲ, ಅಲ್ಲೊಂದು ಹೊಸ ಕನ್ನಡಕ ಇತ್ತು. ಹತ್ತು ವರ್ಷ ನಾನು ಆ ಜಾಗದಲ್ಲಿ ಹಾಳೆಯನ್ನೇ ನೋಡುತ್ತಿದ್ದೆ. ನಿನ್ನೆ ತಲೆ ಎತ್ತಿದೆ. ಚೆಲ್ಲೋದವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂತು, ಕೈಯ ಕಮಾನು ಮಾತ್ರ ನಿಲ್ಲಲಿಲ್ಲ.

ಆ ಹುಡುಗಿ ಮೂರನೇ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಅವಳ ಕೈ ಹಿಡಿದೆ, ಮಾತು ಹೊರಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊಜಾರ್ಟ್‌ನ ಸ್ಟ್ರಿಂಗ್ ಕ್ವಿಂಟೆಟ್‌ಗಳಲ್ಲಿ, ಅಂದರೆ ಐದು ತಂತಿವಾದ್ಯಗಳ ಕೃತಿಗಳಲ್ಲಿ, ಎರಡು ವಯೋಲಾ ಇವೆ. ಮುಂದಿನ ಕಾರ್ಯಕ್ರಮಕ್ಕೆ ಅದರಲ್ಲೊಂದನ್ನು ಆರಿಸಿದ್ದೇವೆ. ಮೊದಲ ವಯೋಲಾ ಅವಳದ್ದು, ಎರಡನೆಯದು ನಂದು.