ಉಬಿನ್ ದ್ವೀಪಕ್ಕೆ ಹೋಗಿ ಬಂದ ಮೇಲೆ ಅಪ್ಪ ಅಮ್ಮನಿಗೆ ಬರೆದ ಪತ್ರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವಿಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ? ಅಲ್ಲಿ ಮಳೆ ಹಿಡಿದಿದೆ ಅಂತ ಅಕ್ಕ ಹೇಳಿದಳು. ಅಂಗಳದಲ್ಲಿ ಜಾರಿಕೆ ಇರುತ್ತದೆ, ಹುಷಾರಾಗಿರಿ.

ಅಪ್ಪ, ಹೋದ ಸಲ ಫೋನಿನಲ್ಲಿ ನೀವೊಂದು ಮಾತು ಕೇಳಿದಿರಿ. "ಪಾಸ್‌ಪೋರ್ಟ್ ಬದಲಾಯಿತು, ಸರಿ. ಸಿಂಗಾಪುರವನ್ನು ನನ್ನ ನಾಡು ಅಂತ ಹೇಳೋಕೆ ನಿನಗೆ ಮನಸ್ಸು ಬರುತ್ತಾ?" ಅವತ್ತು ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಈ ಶನಿವಾರ, ಭಾನುವಾರ ನಾವು ಪುಲಾವ್ ಉಬಿನ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿಂದ ಬಂದ ಮೇಲೆ ನಿಮಗೆ ಬರೆಯಬೇಕು ಅನಿಸಿತು.

ನೀವು ಬಂದಾಗ ನೋಡಿದ್ದು ವಿಮಾನ ನಿಲ್ದಾಣ, ರೈಲು, ಅಂಗಡಿ ಸಾಲು, ಸೆರಂಗೂನ್ ರಸ್ತೆಯ ದೇವಸ್ಥಾನ, ಆಮೇಲೆ ನಮ್ಮ ಫ್ಲಾಟು. ನಾನು ಇಷ್ಟು ವರ್ಷ ಬದುಕಿದ್ದೂ ಅಷ್ಟರಲ್ಲೇ. ಕಾಯಂ ನಿವಾಸಿಗಳ ನೀಲಿ ಗುರುತಿನ ಚೀಟಿ ಕೊಟ್ಟು ಪ್ರಜೆಗಳ ಗುಲಾಬಿ ಚೀಟಿ ತೆಗೆದುಕೊಂಡ ದಿನವೂ ಅದೇ ರೈಲು ಹತ್ತಿ ಆಫೀಸಿಗೆ ಹೋದೆ. ಪುಟ್ಟಿಗೆ ಹಾಗಲ್ಲ. ಅವಳು ಹುಟ್ಟಿದ್ದೇ ಇಲ್ಲಿ. ಶಾಲೆಯಲ್ಲಿ ದಿನಾ ಬೆಳಿಗ್ಗೆ ಎದೆಯ ಮೇಲೆ ಕೈ ಇಟ್ಟು ಈ ದೇಶದ ಪ್ರತಿಜ್ಞೆ ಹೇಳುತ್ತಾಳೆ. ಅವಳಿಗೆ ಇದು ಅನುಮಾನವೇ ಇಲ್ಲದ ಊರು.

ಹೋಗೋಣ ಅಂದದ್ದು ನಮ್ಮ ಬ್ಲಾಕಿನ ಚೀನೀ ಆಂಟಿ. ಇಲ್ಲಿ ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯುವುದು. ಅವರು ಉಬಿನ್‌ನಲ್ಲೇ ಹುಟ್ಟಿದವರು. ಅವರ ಅಪ್ಪ ಅಲ್ಲಿಯ ಕಲ್ಲುಕೋರೆಯಲ್ಲಿ ಕಲ್ಲು ಒಡೆಯುತ್ತಿದ್ದರು. "ನೀನೀಗ ಇಲ್ಲಿಯವಳು. ಬಾ, ನನ್ನ ಊರು ತೋರಿಸ್ತೀನಿ" ಅಂದರು. ಆ ಮಾತಿಗೆ ಇಲ್ಲ ಅನ್ನೋಕಾಗುತ್ತಾ?

ಉಬಿನ್ ಇರುವುದು ಸಿಂಗಾಪುರದ ಈಶಾನ್ಯ ಮೂಲೆಯಲ್ಲಿ. ಆಚೆ ದಡ ಮಲೇಷ್ಯಾದ ಜೋಹೋರ್. ದ್ವೀಪ ಹೆಚ್ಚುಕಡಿಮೆ 10 ಚದರ ಕಿಲೋಮೀಟರ್ ಅಷ್ಟೇ. ಚಾಂಗಿ ಪಾಯಿಂಟ್ ಜೆಟ್ಟಿಯಿಂದ ಮೋಟಾರ್ ದೋಣಿ ಸಿಗುತ್ತದೆ, ಬಂಬೋಟ್ ಅನ್ನುತ್ತಾರೆ. ಅದಕ್ಕೆ ವೇಳಾಪಟ್ಟಿ ಇಲ್ಲ. 12 ಜನ ಸೇರಿದರೆ ಹೊರಡುತ್ತದೆ. ಒಬ್ಬರಿಗೆ 4 ಡಾಲರ್. ರೈಲು ಎರಡು ನಿಮಿಷ ತಡವಾದರೆ ಗಡಿಯಾರ ನೋಡುವ ಜನ ನಾವು. ಅಂಥವರು ಬೆಂಚಿನ ಮೇಲೆ ಕೂತು "ಇನ್ನು ಮೂವರು ಬರಲಿ" ಅಂತ ಕಾದೆವು. ಯಾರಿಗೂ ಅವಸರವಿರಲಿಲ್ಲ. ನನಗೆ ಅದು ತುಂಬಾ ಹಿಡಿಸಿತು. ಹತ್ತು ಹದಿನೈದು ನಿಮಿಷದಲ್ಲಿ ಆಚೆ ದಡ.

ಇಳಿದ ಕೂಡಲೇ ಊರು. ಒಂದು ಸಣ್ಣ ಪೇಟೆ ಬೀದಿ, ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳು, ಎಳನೀರು, ಚೀನೀಯರ ಗುಡಿ, ಅದರ ಹತ್ತಿರ ನಾಟಕದ ರಂಗಮಂಟಪ. ನಲ್ಲಿ ನೀರಿನ ಪೈಪು ಇವತ್ತಿಗೂ ಈ ದ್ವೀಪಕ್ಕೆ ಬಂದಿಲ್ಲ. ಜನ ಬಾವಿ ನೀರೇ ಬಳಸುತ್ತಾರೆ. ಕರೆಂಟಿಗೆ ಜನರೇಟರ್, ಸೋಲಾರ್. ಮರದ ಮನೆ, ತಗಡಿನ ಮಾಡು, ಹಿತ್ತಲಲ್ಲಿ ಹಲಸು, ರಂಬುಟಾನ್, ದುರಿಯನ್. ಅಮ್ಮ, ಒಂದು ಮನೆಯ ಬಾವಿಕಟ್ಟೆ ನೋಡಿ ನಿಂತೇಬಿಟ್ಟೆ. ಪುಟ್ಟಿ ಬಾವಿಯೊಳಗೆ ಬಗ್ಗಿ ನೋಡಿ ಕೂಗು ಹಾಕಿದಳು. ಅವಳ ದನಿ ಅವಳಿಗೇ ವಾಪಸ್ ಬಂತು, ಎಷ್ಟು ನಕ್ಕಳು ಅಂತೀರಿ!

ಹಿಂದೆ ಇಲ್ಲಿ ಸಾವಿರಾರು ಜನ ಇದ್ದರಂತೆ. ಈಗ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಆಂಟಿ ಓದಿದ ಬಿನ್ ಕಿಯಾಂಗ್ ಶಾಲೆ 1985ರಲ್ಲಿ ಮುಚ್ಚಿತು. ಆಮೇಲೆ ಕಟ್ಟಡವನ್ನೂ ಕೆಡವಿದರು. ಆಂಟಿ ಬರೀ ಮರಗಳಿರುವ ಜಾಗ ತೋರಿಸಿ, ಇಲ್ಲಿ ಬಾಗಿಲು, ಇಲ್ಲಿ ನನ್ನ ಬೆಂಚು ಅಂತ ಹೇಳುತ್ತಾ ಹೋದರು. ಬೇಜಾರಾಯಿತಾ ಅಂತ ಕೇಳಿದೆ. "ಬೇಜಾರು ಇದೆ. ಆದರೆ ಬಂದು ನಿಲ್ಲೋಕೆ ನೆಲ ಇದೆಯಲ್ಲ" ಅಂದರು.

ಕಲ್ಲುಕೋರೆಯಲ್ಲೂ ಹಾಗೇ. ಕೊನೆಯ ಕೋರೆ 1999ರಲ್ಲಿ ನಿಂತಿತು. ಈಗ ಆ ಹೊಂಡಗಳೆಲ್ಲ ನೀರು ತುಂಬಿ ಕೆರೆ ಆಗಿವೆ. ಪೆಕಾನ್ ಕೋರೆಯ ನೀರಿನ ನಡುವಿನ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿವೆ. ಅಪ್ಪ, ಈ ದ್ವೀಪದ ಗ್ರಾನೈಟ್ ಎಲ್ಲೆಲ್ಲಿಗೆ ಹೋಗಿದೆ ಗೊತ್ತಾ? 1851ರಲ್ಲಿ ಕಟ್ಟಿ ಮುಗಿಸಿದ ಹಾರ್ಸ್‌ಬರ್ಗ್ ದೀಪಸ್ತಂಭ ಇದೇ ಕಲ್ಲಿನದು. ಸಿಂಗಾಪುರವನ್ನು ಮಲೇಷ್ಯಾಕ್ಕೆ ಸೇರಿಸುವ, 1924ರಲ್ಲಿ ಉದ್ಘಾಟನೆಯಾದ ಕಾಸ್‌ವೇ ಅನ್ನುವ ಕಡಲ ಮೇಲಿನ ದಾರಿಗೂ ಇಲ್ಲಿಯ ಕಲ್ಲು ಹೋಗಿದೆ. ನೀವು ಬಂದಾಗ ಜೋಹೋರ್‌ಗೆ ಬಸ್ಸಿನಲ್ಲಿ ಹೋದೆವಲ್ಲ, ಅದೇ ದಾರಿ. ಆಂಟಿಯ ಅಪ್ಪನಂಥವರ ಕೈಯ ಕೆಲಸದ ಮೇಲೆ ನಾವು ಹೋಗಿ ಬಂದಿದ್ದೇವೆ.

ಸಂಜೆಯ ದೋಣಿಗೆ ಆಂಟಿ ಹೊರಟರು. ನಾವು ಅಲ್ಲೇ ಟೆಂಟು ಹಾಕಿದೆವು. ರಾತ್ರಿ ಅಷ್ಟು ಕತ್ತಲೆಯನ್ನು ಈ ದೇಶದಲ್ಲಿ ನಾನು ಕಂಡೇ ಇರಲಿಲ್ಲ. ಕಪ್ಪೆಗಳ ವಟವಟ. ಒಂದು ಕಾಡುಹಂದಿ ಮರಿಗಳ ಜೊತೆ ಸ್ವಲ್ಪ ದೂರದಲ್ಲೇ ಮಣ್ಣು ಕೆದಕುತ್ತಾ ಹೋಯಿತು. ನಿಮ್ಮ ಅಳಿಯ ನಿದ್ದೆಯನ್ನೇ ಮಾಡಲಿಲ್ಲ.

ಬೆಳಿಗ್ಗೆ ಎದ್ದರೆ ಮಂಗಟ್ಟೆ ಹಕ್ಕಿ! ಒಂದು ಜೋಡಿ, ತಲೆಯ ಮೇಲೇ ಹಾರಿತು. ರೆಕ್ಕೆಯ ಸದ್ದು ಕೇಳಿಸುವಷ್ಟು ಹತ್ತಿರ. ಸಿಂಗಾಪುರದಲ್ಲಿ ನೂರಕ್ಕೂ ಹೆಚ್ಚು ವರ್ಷ ಇವು ಕಾಣೆಯಾಗಿದ್ದವು. 1990ರ ದಶಕದಲ್ಲಿ ಮೊದಲು ಮತ್ತೆ ಕಾಣಿಸಿದ್ದು ಈ ಉಬಿನ್‌ನಲ್ಲೇ. ಗೂಡಿಗೆ ಬೇಕಾದ ದೊಡ್ಡ ಪೊಟರೆಯ ಮರಗಳು ಸಾಕಾಗುವುದಿಲ್ಲ ಅಂತ ಪೆಟ್ಟಿಗೆಗಳನ್ನು ಕಟ್ಟಿಕೊಟ್ಟರು. ಸಂಸಾರ ಹೆಚ್ಚಾಯಿತು. ಈಗ ಊರೊಳಗಿನ ಪಾರ್ಕುಗಳಲ್ಲೂ ಇವೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ್ದು ಚೆಕ್ ಜಾವಾ ವಿಷಯ. ದ್ವೀಪದ ಪೂರ್ವ ತುದಿ. ಅಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಮರಳು ದಡ, ಬಂಡೆ, ಸಮುದ್ರದ ಹುಲ್ಲು ಎಲ್ಲವೂ ಒಂದೇ ಕಡೆ ಸೇರುತ್ತವೆ. ಸಮುದ್ರದ ಇಳಿತ ಜಾಸ್ತಿ ಇರುವ ಹೊತ್ತು ನೋಡಿಕೊಂಡು ಹೋದೆವು. ನೀರಿನ ಮೇಲೆ ಒಂದು ಕಿಲೋಮೀಟರಿಗಿಂತ ಉದ್ದದ ಕಾಲುಸೇತುವೆ ಇದೆ. ಕೆಳಗೆ ನೋಡಿದರೆ ಒಂದೇ ದೊಡ್ಡ ಕೈ ಇರುವ ಪುಟ್ಟ ಏಡಿಗಳು, ಕೆಸರಿನ ಮೇಲೆ ಕುಪ್ಪಳಿಸುವ ಮೀನು, ನಕ್ಷತ್ರ ಮೀನು. ಪುಟ್ಟಿ ಹೊಟ್ಟೆ ಅಡಿ ಮಾಡಿ ಹಲಗೆಯ ಮೇಲೆ ಮಲಗಿಬಿಟ್ಟಳು. ಏಳಿಸಲು ಆಗಲಿಲ್ಲ.

ಎದುರಿಗೆ ಸೆಕುಡು ಅನ್ನುವ ಚಿಕ್ಕ ದ್ವೀಪ ಕಾಣುತ್ತದೆ. ಅದಕ್ಕೊಂದು ಕತೆ ಇದೆ. ಕಪ್ಪೆ, ಹಂದಿ, ಆನೆ ಮೂರೂ ಪಂದ್ಯ ಕಟ್ಟಿ ಈಚೆಯಿಂದ ಜೋಹೋರ್ ದಡಕ್ಕೆ ಈಜಿದವಂತೆ. ದಡ ಮುಟ್ಟದವರು ಕಲ್ಲಾಗಬೇಕು. ಒಬ್ಬರೂ ಮುಟ್ಟಲಿಲ್ಲ. ಕಪ್ಪೆ ಸೆಕುಡು ಆಯಿತು, ಆನೆ ಮತ್ತು ಹಂದಿ ಸೇರಿ ಉಬಿನ್ ಆಯಿತು. ಪುಟ್ಟಿ ಇದನ್ನು ನಿಮಗೆ ತಾನೇ ಹೇಳಬೇಕು ಅಂತಿದ್ದಾಳೆ. ಅವಳು ಹೇಳುವಾಗ ಗೊತ್ತಿಲ್ಲದ ಹಾಗೆ ಕೇಳಿ, ಅಪ್ಪ.

2001ರಲ್ಲಿ ಈ ಚೆಕ್ ಜಾವಾವನ್ನು ಮಣ್ಣು ತುಂಬಿಸಿ ಮುಚ್ಚುವುದು ನಿಶ್ಚಯವಾಗಿತ್ತು. ಇಲ್ಲಿ ನೆಲ ಕಮ್ಮಿ. 1965ರಲ್ಲಿ ಸ್ವತಂತ್ರವಾದಾಗ 580 ಚದರ ಕಿಲೋಮೀಟರ್ ಸುಮಾರು ಇದ್ದ ದೇಶ, ಸಮುದ್ರ ತುಂಬಿಸಿ ತುಂಬಿಸಿ ಈಗ 730 ದಾಟಿದೆ. ನಾವಿರುವ ಮರೀನ್ ಪರೇಡ್ ಕೂಡ ಹಾಗೆ ಮಾಡಿದ ನೆಲವೇ. ಹಾಗಾಗಿ ಯಾರನ್ನೂ ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಆದರೆ ಸುದ್ದಿ ಹರಡಿದಾಗ ಜನ ಮಕ್ಕಳನ್ನು ಕರೆದುಕೊಂಡು ಈ ದಡ ನೋಡಲು ಬಂದರು. ಸ್ವಯಂಸೇವಕರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಇಲ್ಲಿರುವ ಜೀವಗಳನ್ನೆಲ್ಲ ಒಂದೊಂದಾಗಿ ದಾಖಲು ಮಾಡಿದರು. ಸರ್ಕಾರಕ್ಕೆ ಪತ್ರ ಬರೆದರು. ಆ ಡಿಸೆಂಬರಿನಲ್ಲಿ ಸರ್ಕಾರ ಕೆಲಸವನ್ನು ಮುಂದೂಡಿತು. ಕಾಲುಸೇತುವೆ ಬಂದದ್ದು 2007ರಲ್ಲಿ. ಅದೇ ಹೊತ್ತಿಗೆ ಜೋಹೋರ್‌ನ ಪ್ರವಾಹದ ಸಿಹಿನೀರು ನುಗ್ಗಿ ಇಲ್ಲಿಯ ಎಷ್ಟೋ ಜೀವಗಳು ಸತ್ತವು. ನಿಧಾನಕ್ಕೆ ಮತ್ತೆ ಚೇತರಿಸಿಕೊಂಡವು.

ಮುಂದೂಡಿದ್ದೇ ಹೊರತು ಶಾಶ್ವತವಾಗಿ ಕೈಬಿಟ್ಟಿಲ್ಲ. ಅಪ್ಪ, ಆ ಸೇತುವೆಯ ಮೇಲೆ ನಿಂತಾಗ ಅದೇ ನನ್ನ ಎದೆಗೆ ಚುಚ್ಚಿತು. ನಾಳೆ ಮತ್ತೆ ಇದನ್ನು ಮುಚ್ಚುತ್ತೇವೆ ಅಂದರೆ? ನಾನು ಬರೆಯುತ್ತೇನೆ, ಪುಟ್ಟಿಯನ್ನು ಕರೆದುಕೊಂಡು ಬಂದು ಕೆಸರಿನಲ್ಲಿ ನಿಲ್ಲುತ್ತೇನೆ ಅನಿಸಿತು. ಇಷ್ಟು ವರ್ಷ ಇಲ್ಲಿಯ ಯಾವ ಸುದ್ದಿ ಓದಿದರೂ ಅವರ ವಿಷಯ ಅಂತ ಓದುತ್ತಿದ್ದೆ. ಇದು ನನ್ನದು ಅನಿಸಿತು. ನೀವು ಕೇಳಿದ ಮಾತಿಗೆ ನನ್ನ ಉತ್ತರ ಇದೇ. ನಮ್ಮ ಹೊಳೆದಂಡೆಯ ಕಾಂಡ್ಲಾ ಕಡಿದರೆ ನಿಮಗೆ ಹೊಟ್ಟೆ ಉರಿಯುತ್ತದಲ್ಲ, ಹಾಗೇ. ಇದರಿಂದ ಅಲ್ಲಿಯ ಮನೆ ನನಗೆ ಒಂದಿಷ್ಟೂ ದೂರವಾಗಿಲ್ಲ. ಅದನ್ನು ನೀವು ನಂಬಬೇಕು.

ಮುಂದಿನ ವರ್ಷ ನೀವಿಬ್ಬರೂ ಬರಲೇಬೇಕು. ವೀಸಾ ಅರ್ಜಿಯನ್ನು ನಾನೇ ಇಲ್ಲಿಂದ ಹಾಕುತ್ತೇನೆ. ಇಬ್ಬರ ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ಹೊಸ ಫೋಟೋ ಅಕ್ಕನ ಕೈಲಿ ಕಳಿಸಿ. ಅಪ್ಪ, ನಿಮ್ಮ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿರಬೇಕು, ಒಮ್ಮೆ ನೋಡಿ. ಉಬಿನ್‌ನಲ್ಲಿ ಬಾಡಿಗೆ ವ್ಯಾನು ಸಿಗುತ್ತದೆ, ಹಾಗಾಗಿ ಅಮ್ಮನ ಮೊಣಕಾಲಿಗೆ ಜಾಸ್ತಿ ತೊಂದರೆ ಆಗುವುದಿಲ್ಲ. ದೋಣಿ ಹತ್ತುವಾಗ ಮಾತ್ರ ಕೈ ಹಿಡಿದುಕೊಳ್ಳಬೇಕು. ಆಂಟಿಯೂ ನಿಮ್ಮನ್ನು ನೋಡಬೇಕು ಅಂತಿದ್ದಾರೆ.

ಇಂತಿ ನಿಮ್ಮ ಪ್ರೀತಿಯ ಮಗಳು