ಮಗಳಿಗೊಂದು ಪತ್ರ: ಫಾಸ್ಫೀನಿನ ಪಾಲಾದ ಸಾರಜನಕ

ಚಿಂತಾಮಣಿ
ಸಂಕ್ರಾಂತಿಯ ಹಿಂದಿನ ಭಾನುವಾರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೇ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಲೋಹದ ಸುತ್ತ ಫಾಸ್ಫೀನ್‌ಗಳನ್ನು ಕೂರಿಸಿ ತಿಂಗಳುಗಟ್ಟಲೆ ಕಷ್ಟಪಟ್ಟು ತಯಾರಿಸಿದ ಸಂಕೀರ್ಣಕ್ಕೆ, ಮೂರು ಸಾರಜನಕಗಳ ಸರಪಳಿಯುಳ್ಳ ಅಜೈಡ್ ಸೇರಿಸಿದಾಗ ಗುಳ್ಳೆಗಳೆದ್ದು ಸಾರಜನಕ ಅನಿಲ ಹೊರಟಿತು, ಆದರೆ ಉಳಿದ ಒಂದು ಸಾರಜನಕ ಪರಮಾಣು ಲೋಹದ ಮೇಲೆ ಕೂರದೆ ರಂಜಕವುಳ್ಳ ಟ್ರೈಫಿನೈಲ್‌ಫಾಸ್ಫೀನಿನ ಪಾಲಾಯಿತು ಎನ್ನುವಾಗ ನಿನ್ನ ದನಿ ಕುಗ್ಗಿತ್ತು. ಆಗ ನಾನು ಸಮಾಧಾನ ಹೇಳಿದೆನೇ ಹೊರತು ಕಾರಣ ಹೇಳಲಿಲ್ಲ. ಈಗ ಹೇಳುತ್ತೇನೆ.

ಪಿಯು ತರಗತಿಗಳಲ್ಲಿ ಪಾಠ ಮಾಡಿದಷ್ಟು ವರ್ಷವೂ, ಲಿಗ್ಯಾಂಡ್ ಎಂದರೆ ಲೋಹಕ್ಕೆ ಒಂದು ಜೋಡಿ ಎಲೆಕ್ಟ್ರಾನ್ ಕೊಟ್ಟು ಪಕ್ಕದಲ್ಲಿ ಸುಮ್ಮನಿರುವ ವಸ್ತು ಎಂಬಂತೆಯೇ ಕಲಿಸಿದೆ. ಅದು ಅರೆಪಾಠವಾಗಿತ್ತು ಎಂಬ ಬೇಸರ ನನಗಿದೆ. ಫಾಸ್ಫೀನೂ ಅಂಥ ಒಂದು ಲಿಗ್ಯಾಂಡ್. ಅದರ ರಂಜಕದ ಒಂಟಿ ಎಲೆಕ್ಟ್ರಾನ್ ಜೋಡಿ ಲೋಹದ ಹಿಡಿತದಲ್ಲಿರುವವರೆಗೆ ಮಾತ್ರ ಫಾಸ್ಫೀನ್ ಸುಮ್ಮನಿರುತ್ತದೆ. ದ್ರಾವಣದಲ್ಲಿ ಒಂದು ಫಾಸ್ಫೀನ್ ಕಳಚಿಕೊಂಡರೂ ಸಾಕು, ಅದೇ ಜೋಡಿ ಅಜೈಡಿನ ತುದಿಯ ಸಾರಜನಕಕ್ಕೆ ಅಂಟಿಕೊಳ್ಳುತ್ತದೆ, ಎರಡು ಸಾರಜನಕಗಳು ಅನಿಲವಾಗಿ ಹೋಗುತ್ತವೆ, ರಂಜಕ ಮತ್ತು ಸಾರಜನಕದ ನಡುವೆ ಗಟ್ಟಿಯಾದ ಬಂಧವುಳ್ಳ ಇಮಿನೋಫಾಸ್ಫೊರೇನ್ ಉಳಿಯುತ್ತದೆ. ಇದನ್ನು ರಸಾಯನಶಾಸ್ತ್ರಜ್ಞರಾದ ಸ್ಟೌಡಿಂಗರ್ ಮತ್ತು ಮೇಯರ್ 1919ರಲ್ಲೇ ತೋರಿಸಿದ್ದರು. ನಿನ್ನ ಫ್ಲಾಸ್ಕಿನಲ್ಲಿ ನಡೆದದ್ದು ಇದೇ ಎಂದು ನನಗನ್ನಿಸುತ್ತದೆ.

ಹಾಗೆಂದು ಫಾಸ್ಫೀನನ್ನು ದೂರಬೇಡ, ಏಕೆಂದರೆ ಸಾರಜನಕದ ವಿಷಯದಲ್ಲಿ ಲೋಹಕ್ಕೆ ಬಲ ಕೊಡುವುದೂ ಅದೇ ಜೋಡಿ. 1975ರಲ್ಲಿ ರಸಾಯನಶಾಸ್ತ್ರಜ್ಞ ಜೋಸೆಫ್ ಚಾಟ್ ಮತ್ತು ಸಂಗಡಿಗರು ನಾಲ್ಕು ಡೈಮೀಥೈಲ್‌ಫಿನೈಲ್‌ಫಾಸ್ಫೀನ್‌ಗಳನ್ನೂ ಎರಡು ಸಾರಜನಕ ಅಣುಗಳನ್ನೂ ಹೊತ್ತ ಟಂಗ್‌ಸ್ಟನ್ ಸಂಕೀರ್ಣವನ್ನು ಮೆಥನಾಲಿನಲ್ಲಿ ಗಂಧಕಾಮ್ಲದೊಂದಿಗೆ ಸೇರಿಸಿ, ಕೋಣೆಯ ಉಷ್ಣತೆಯಲ್ಲೇ ಅಮೋನಿಯ ಪಡೆದರು. ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ 400 ಡಿಗ್ರಿಗೂ ಮೀರಿದ ಶಾಖ, ನೂರಾರು ಪಟ್ಟು ವಾಯುಒತ್ತಡ ಬೇಕು. ಇಲ್ಲಿ ಫಾಸ್ಫೀನ್‌ಗಳು ಲೋಹವನ್ನು ಎಲೆಕ್ಟ್ರಾನ್‌ಗಳಿಂದ ತುಂಬಿಸಿದವು, ಲೋಹ ಅವುಗಳನ್ನು ಸಾರಜನಕದತ್ತ ದಾಟಿಸಿತು, ಹೊರತುದಿಯ ಸಾರಜನಕ ಆಮ್ಲದ ಪ್ರೋಟಾನ್ ಹಿಡಿಯುವಷ್ಟು ಎಲೆಕ್ಟ್ರಾನ್‌ಸಮೃದ್ಧವಾಯಿತು. ಒಂದು ಅಣು ಸಾರಜನಕ ಎರಡು ಅಮೋನಿಯ ಆಗಲು ಆರು ಎಲೆಕ್ಟ್ರಾನ್ ಬೇಕು. ಆರನ್ನೂ ಟಂಗ್‌ಸ್ಟನ್ ಒಂದೇ ಕೊಟ್ಟು ಬರಿದಾಯಿತು. ಆದ್ದರಿಂದ ಆ ಕ್ರಿಯೆ ಒಂದು ಸುತ್ತಿಗೇ ಮುಗಿಯಿತು, ಆದರೂ ಮುಂದಿನವರು ನಡೆದ ದಾರಿ ಅದೇ. 2019ರಲ್ಲಿ ಜಪಾನಿನ ನಿಶಿಬಯಾಶಿ ಅವರ ತಂಡ ರಂಜಕವುಳ್ಳ ಮಾಲಿಬ್ಡಿನಮ್ ಸಂಕೀರ್ಣದಿಂದ, ಸಮೇರಿಯಮ್ ಅಯೋಡೈಡ್ ಮತ್ತು ನೀರನ್ನು ಬಳಸಿ, ಪ್ರತಿ ಮಾಲಿಬ್ಡಿನಮ್ ಪರಮಾಣುವಿಗೆ 4350ರವರೆಗೆ ಅಮೋನಿಯ ಅಣುಗಳನ್ನು ಪಡೆಯಿತು.

ಈ ಬೆಳಿಗ್ಗೆ ಹೊಲದಲ್ಲಿ ತಡವಾಗಿ ಬಿತ್ತಿದ್ದ, ಇನ್ನೂ ಹೂವಿನಲ್ಲಿದ್ದ ಒಂದು ಅವರೆ ಗಿಡವನ್ನು ಬೇರುಸಹಿತ ಕಿತ್ತು ನೋಡಿದೆ. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ತೆಳುಗೆಂಪು, ಬೆರಳಿಗೂ ಅಂಟುವಷ್ಟು. ಆ ಗಂಟಿನ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಅಮೋನಿಯ ಮಾಡುತ್ತವೆ. ಅವುಗಳ ಕಿಣ್ವದಲ್ಲಿಯೂ ಮಾಲಿಬ್ಡಿನಮ್ ಇದೆ, ಆದರೆ ಕಬ್ಬಿಣ ಮತ್ತು ಗಂಧಕದ ನಡುವೆ, ಫಾಸ್ಫೀನ್ ಇಲ್ಲ. ರಂಜಕ ಅಲ್ಲಿ ಬೇರೆ ರೂಪದಲ್ಲಿ ದುಡಿಯುತ್ತದೆ: ಒಂದು ಸಾರಜನಕ ಅಣುವನ್ನು ಒಡೆಯಲು ಜೀವಕೋಶಕ್ಕೆ ಶಕ್ತಿ ಕೊಡುವ, ರಂಜಕವುಳ್ಳ ಎಟಿಪಿ ಅಣುಗಳು ಸುಮಾರು 16 ಖರ್ಚಾಗುತ್ತವೆ. ದ್ವಿದಳ ಬೆಳೆಗೆ ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟ್ ಹಾಕಬೇಕೆಂದು ನಿನ್ನ ತಾತ ಹಟ ಹಿಡಿಯುತ್ತಿದ್ದದ್ದು ನೆನಪಾಯಿತು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಅಜೈಡ್ ಸೇರಿಸುವ ಮೊದಲು ಸಂಕೀರ್ಣವೊಂದನ್ನೇ ದ್ರಾವಣದಲ್ಲಿಟ್ಟು, ರಂಜಕ ಯಾವ ಸ್ಥಿತಿಯಲ್ಲಿದೆ ಎಂದು ಗೆರೆಗಳಾಗಿ ತೋರಿಸುವ ರಂಜಕ-31ರ ಎನ್‌ಎಂಆರ್ ತೆಗೆ. ಬಿಡಿ ಟ್ರೈಫಿನೈಲ್‌ಫಾಸ್ಫೀನಿನ ಗೆರೆ ಸುಮಾರು −6 ಪಿಪಿಎಂ ಬಳಿ ಕಾಣುತ್ತದೆ. ಅಲ್ಲಿ ಗೆರೆ ಇದ್ದರೆ ಫಾಸ್ಫೀನ್ ಕಳಚಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಗೆರೆಗಳು ಅಗಲವಾಗಿ ಹರಡಿಕೊಂಡಿದ್ದರೆ ಅದೂ ಸುಳಿವೇ, ಆಗ ತಣ್ಣಗೆ ಮಾಡಿ ಮತ್ತೆ ನೋಡು. 29 ಪಿಪಿಎಂ ಸುತ್ತ ಗೆರೆ ಬಂದರೆ ಫಾಸ್ಫೀನ್ ಆಕ್ಸೈಡ್ ಇರಬಹುದು. ಗಾಳಿ ನುಗ್ಗಿದೆಯೇ, ತೇವ ಇಮಿನೋಫಾಸ್ಫೊರೇನನ್ನು ಒಡೆದಿದೆಯೇ ಎಂದು ಎರಡನ್ನೂ ಪರೀಕ್ಷಿಸು. ಕಳಚುವುದು ನಿಜವಾದರೆ, ಎರಡು ರಂಜಕಗಳನ್ನು ಇಂಗಾಲದ ಕೊಂಡಿಯಿಂದ ಜೋಡಿಸಿದ, ಲೋಹವನ್ನು ಎರಡೂ ಕೈಯಲ್ಲಿ ಹಿಡಿಯುವ ಡಿಪಿಪಿಇಯಂಥ ಫಾಸ್ಫೀನ್ ಬಳಸಿ ನೋಡಬಹುದೇ ಎಂದು ನಿನ್ನ ಮಾರ್ಗದರ್ಶಕರನ್ನು ಕೇಳು.

ಅಜೈಡ್ ಇರುವ ಫ್ಲಾಸ್ಕನ್ನು ಬಿಸಿ ಮಾಡಲು ಅವಸರಪಡಬೇಡ, ಲೋಹದ ಚಮಚ ಮುಟ್ಟಿಸಬೇಡ, ಡೈಕ್ಲೋರೋಮೀಥೇನ್ ಹತ್ತಿರ ತರಬೇಡ, ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ ಇರಬೇಡ. ಇದನ್ನು ರಸಾಯನಶಾಸ್ತ್ರ ಕಲಿಸಿದವಳಾಗಿಯೂ ನಿನ್ನ ತಾಯಿಯಾಗಿಯೂ ಹೇಳುತ್ತಿದ್ದೇನೆ.

ಆ ಎನ್‌ಎಂಆರ್ ತೆಗೆದ ದಿನವೇ, ಗೆರೆ ಎಲ್ಲಿ ಬಂದಿದ್ದರೂ ಸರಿ, ಫೋಟೋ ತೆಗೆದು ನನಗೆ ಕಳಿಸು.

ನಿನ್ನ ಅಮ್ಮ